ಟಿಶ್ಯೂ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ: ಯಾವ ಲ್ಯಾಬ್ ಆರಿಸಿಕೊಳ್ಳಲಿ?

ಪ್ರಶ್ನೆ: ನಾನು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್‌ಸಿ. ಮುಗಿಸಿದ್ದೇನೆ. ಟಿಶ್ಯೂ ಎಂಜಿನಿಯರಿಂಗ್‌ನಲ್ಲಿ, ಅಂದರೆ ಕೋಶಗಳಿಂದ ಅಂಗಾಂಶ ಬೆಳೆಸುವ ವಿದ್ಯೆಯಲ್ಲಿ, ಪಿಎಚ್‌ಡಿ ಮಾಡಬೇಕು ಅಂತ ಬಹಳ ದಿನದ ಆಸೆ. ಈಗ ಎರಡು ಕಡೆ ಅವಕಾಶ ಸಿಕ್ಕಿದೆ. ಒಂದು ಲ್ಯಾಬಿನಲ್ಲಿ ತ್ರೀಡಿ ಪ್ರಿಂಟರ್‌ನಿಂದ ಹೃದಯದ ಅಂಗಾಂಶ ತಯಾರಿಸುವ ಕೆಲಸ. ದೊಡ್ಡ ಹೆಸರು, ದೊಡ್ಡ ಪೇಪರ್‌ಗಳು. ಇನ್ನೊಂದರಲ್ಲಿ ಕಣ್ಣಿನ ಕಾರ್ನಿಯಾಕ್ಕೆಂದು (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಬೆಳೆಸುವ ಕೋಶಗಳು ಕಸಿಗೆ ಯೋಗ್ಯವೇ ಎಂದು ಮೊದಲೇ ತಿಳಿಯುವ ವಿಧಾನ ಹುಡುಕಬೇಕು. ಇದನ್ನು ಕೇಳಿದವರೆಲ್ಲ "ಇದೇನು ಸಂಶೋಧನೆ, ಬರೀ ಟೆಸ್ಟಿಂಗ್ ಅಲ್ವಾ" ಅಂತಾರೆ. ಹತ್ತು ವರ್ಷದಲ್ಲಿ ಅಂಗಗಳನ್ನೇ ಪ್ರಿಂಟ್ ಮಾಡ್ತಾರೆ ಅಂತ ಒಂದು ಕಡೆ ಓದುತ್ತೇನೆ, ಇನ್ನೊಂದು ಕಡೆ ಶ್ವಾಸನಾಳ ಕಸಿಯ ಹಗರಣದ ಬಗ್ಗೆ ಓದಿ ಹೆದರುತ್ತೇನೆ. ನನಗೆ ಎಂಜಿನಿಯರಿಂಗ್ ಗೊತ್ತಿಲ್ಲ, ಗಣಿತ ಅಷ್ಟಕ್ಕಷ್ಟೆ. ಇಪ್ಪತ್ತು ವರ್ಷ ದುಡಿದೂ ಒಬ್ಬ ರೋಗಿಗೂ ಉಪಯೋಗವಾಗದಿದ್ದರೆ ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗೋದಿಲ್ವಾ ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಟ್ಟಿಗೆ ಸೇರಿಕೊಂಡಿವೆ. ಈ ಕ್ಷೇತ್ರದ ಬಗ್ಗೆ ಹೇಳುವುದೆಲ್ಲ ನಿಜವೇ? ಇದರಲ್ಲಿ ಕಳೆದ ವರ್ಷಗಳು ದಂಡವಾಗುತ್ತವೆಯೇ? ಎರಡು ಲ್ಯಾಬುಗಳಲ್ಲಿ ಯಾವುದು ಸರಿ? ಕೊನೆಯದಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯದು, ಆದರೆ ಒಂದು ಷರತ್ತಿನ ಮೇಲೆ. ಆ ಷರತ್ತು ಏನು, ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

"ಇನ್ನು ಹತ್ತು ವರ್ಷದಲ್ಲಿ ಅಂಗ ಪ್ರಿಂಟ್ ಮಾಡುತ್ತಾರೆ" ಎಂಬ ಮಾತನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಪ್ರಿಂಟರ್ ಏನೋ ಇದೆ, ಕೋಶಗಳೂ ಇವೆ. ಇಲ್ಲದ್ದು ಉಸಿರು. ಜೀವಕೋಶಕ್ಕೆ ಆಮ್ಲಜನಕ ಬರುವುದು ಹತ್ತಿರದ ಸಣ್ಣ ರಕ್ತನಾಳದಿಂದ. ಅದು ನಾಳದಿಂದ ಹೊರಬಂದು ಸುಮ್ನೆ ಹರಡಿಕೊಂಡು ಕೋಶದವರೆಗೆ ಹೋಗಬೇಕು. ಹಾಗೆ ಹೋಗಿ ಸಾಕಾಗುವಷ್ಟು ತಲುಪುವುದು 100ರಿಂದ 200 ಮೈಕ್ರೋಮೀಟರ್ ದೂರಕ್ಕೆ ಮಾತ್ರ. ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಹೃದಯದ ಎಡ ಕೋಣೆಯ ಗೋಡೆಯ ದಪ್ಪ ಸುಮಾರು ಒಂದು ಸೆಂಟಿಮೀಟರ್. ಅಷ್ಟು ದಪ್ಪದ ತುಂಡನ್ನು ನಾಳಗಳಿಲ್ಲದೆ ತಯಾರಿಸಿದರೆ ಹೊರಗಿನ ಪದರ ಬದುಕುತ್ತದೆ, ನಡುವೆ ಇರುವುದೆಲ್ಲ ಬೇಗನೆ ಸಾಯುತ್ತದೆ.

ಈ ಒಂದು ಅಳತೆಯನ್ನು ತಲೆಯಲ್ಲಿಟ್ಟುಕೊಂಡರೆ ಈ ಕ್ಷೇತ್ರದ ಚರಿತ್ರೆಯ ಅರ್ಧ ಭಾಗ ತಾನಾಗಿ ಅರ್ಥವಾಗುತ್ತದೆ. ರೋಗಿಗಳವರೆಗೆ ತಲುಪಿದ್ದು ಯಾವುದು ನೋಡಿ. ಚರ್ಮದ ಮೇಲ್ಪದರ, ಕಾರ್ನಿಯಾದ ಮೇಲ್ಪದರ, ಮೊಣಕಾಲಿನ ಮೃದ್ವಸ್ಥಿ. ಮೂರರೊಳಗೂ ರಕ್ತನಾಳಗಳಿಲ್ಲ. ಚರ್ಮದ ಮೇಲ್ಪದರಕ್ಕೆ ಕೆಳಗಿನ ಪದರದಿಂದ ಆಹಾರ ಬರುತ್ತದೆ. ಕಾರ್ನಿಯಾ ಆಮ್ಲಜನಕದ ಹೆಚ್ಚಿನ ಭಾಗವನ್ನು ಕಣ್ಣೀರಿನ ಪದರದ ಮೂಲಕ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಮೃದ್ವಸ್ಥಿ ಕೀಲಿನ ದ್ರವದಿಂದ ಬದುಕುತ್ತದೆ. 1994ರಲ್ಲಿ ಸ್ವೀಡನ್ನಿನ ವೈದ್ಯರು 23 ಜನರ ಮೊಣಕಾಲಿಗೆ ಅವರದೇ ಮೃದ್ವಸ್ಥಿ ಕೋಶಗಳನ್ನು ಬೆಳೆಸಿ ಹಾಕಿದ ವರದಿ ಬಂತು. ಆ ವಿಧಾನದ ಮುಂದಿನ ರೂಪಗಳು ಇವತ್ತಿಗೂ ಬಳಕೆಯಲ್ಲಿವೆ.

ಹೃದಯದ ಕಡೆ ನೋಡಿ. 2008ರಲ್ಲಿ ಒಂದು ತಂಡ ಇಲಿಯ ಹೃದಯದಿಂದ ಕೋಶಗಳನ್ನೆಲ್ಲ ತೊಳೆದು, ಉಳಿದ ಹಂದರಕ್ಕೆ ಹೊಸ ಕೋಶಗಳನ್ನು ತುಂಬಿ ಬಡಿಯುವಂತೆ ಮಾಡಿತು. ಜಗತ್ತೆಲ್ಲ ಸುದ್ದಿಯಾಯಿತು. ಬೆರಗಾಗುವಂಥ ಕೆಲಸವೇ ಅದು. ಆದರೆ ಆ ಹೃದಯದ ಪಂಪ್ ಮಾಡುವ ಶಕ್ತಿ ಬೆಳೆದ ಇಲಿಯ ಹೃದಯದ ಸುಮಾರು 2 ಶೇಕಡ. ಪತ್ರಿಕೆ ಓದುವವರಿಗೆ "ಬಡಿಯಿತು" ಎಂಬುದು ಕಾಣುತ್ತದೆ. ಲ್ಯಾಬಿನಲ್ಲಿ ಕೂತವರು ನೋಡಬೇಕಾದ್ದು ಆ 2 ಶೇಕಡವನ್ನು.

ಇಲಿಯ ಬೆನ್ನ ಮೇಲೆ ಮನುಷ್ಯನ ಕಿವಿ ಬೆಳೆದ ಚಿತ್ರವನ್ನು ನೀವೂ ನೋಡಿರಬಹುದು. 1997ರದು. ಅದರಲ್ಲಿ ಮನುಷ್ಯನದು ಅಂತ ಏನೂ ಇರಲಿಲ್ಲ, ಆಕಾರವೊಂದನ್ನು ಬಿಟ್ಟು. ಕರಗುವ ಪಾಲಿಮರ್‌ನ ಅಚ್ಚಿಗೆ ಹಸುವಿನ ಮೃದ್ವಸ್ಥಿ ಕೋಶಗಳನ್ನು ತುಂಬಿ ಇಲಿಯ ಚರ್ಮದ ಕೆಳಗೆ ಇಟ್ಟಿದ್ದರು. ಕೇಳಿಸಿಕೊಳ್ಳುವ ಕಿವಿಯಂತೂ ಅಲ್ಲ. ಹಂದರ ಹೇಳಿದ ಆಕಾರದಲ್ಲಿ ಮೃದ್ವಸ್ಥಿ ಬೆಳೆಯುತ್ತದೆ ಎಂದು ತೋರಿಸಿದ್ದು ಅದರ ಬೆಲೆ, ಅಷ್ಟು ಸಾಕು.

ಇನ್ನೊಂದು ನಂಬಿಕೆ, ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲಕೋಶ) ಚುಚ್ಚಿದರೆ ಅದು ತಾನೇ ಹೋಗಿ ಹಾಳಾದ ಜಾಗದಲ್ಲಿ ಹೊಸ ಅಂಗಾಂಶವಾಗಿ ಕೂರುತ್ತದೆ ಎಂಬುದು. ಮೂಳೆಮಜ್ಜೆ ಮತ್ತು ಕೊಬ್ಬಿನಿಂದ ತೆಗೆಯುವ ಕೋಶಗಳಿಗೆ "ಮೆಸೆಂಕೈಮಲ್ ಸ್ಟೆಮ್ ಸೆಲ್" ಎಂದು 1991ರಲ್ಲಿ ಹೆಸರಿಟ್ಟವರು ಆರ್ನಲ್ಡ್ ಕ್ಯಾಪ್ಲನ್. 2017ರಲ್ಲಿ ಅವರೇ ಆ ಹೆಸರು ಬದಲಿಸಬೇಕು ಎಂದು ಬರೆದರು. ಈ ಕೋಶಗಳು ದೇಹದೊಳಗೆ ಹೋಗಿ ಅಂಗಾಂಶವಾಗುವುದಕ್ಕಿಂತ ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸೂಚನೆ ಕೊಡುವುದೇ ಜಾಸ್ತಿ ಎಂಬುದು ಅವರ ವಾದ. ಅದೇ 2017ರಲ್ಲಿ, ಅಮೆರಿಕದ ಒಂದು ಕ್ಲಿನಿಕ್‌ನಲ್ಲಿ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡ ವರದಿ ಬಂತು. ನೀವು ಈ ಕ್ಷೇತ್ರಕ್ಕೆ ಬಂದ ಮೇಲೆ ನೆಂಟರು, ಪರಿಚಯದವರು "ಎಲ್ಲಿ ಚುಚ್ಚಿಸಿಕೊಳ್ಳಲಿ" ಎಂದು ಕೇಳುತ್ತಲೇ ಇರುತ್ತಾರೆ. "ಇದಕ್ಕೆ ಇನ್ನೂ ಪುರಾವೆ ಇಲ್ಲ" ಎಂದು ನೇರವಾಗಿ ಹೇಳುವುದೂ ನಿಮ್ಮ ಕೆಲಸದ ಭಾಗವೇ.

ಈಗ ನಿಮ್ಮ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಅದು ತುಂಬಾ ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಒಂದು ಕೋಶದ ಹಿಂದೆ ಹೋದವರ ಕತೆ ಹೇಳುತ್ತೇನೆ. ನೀವು ಯೋಚಿಸುತ್ತಿರುವ ಎರಡನೇ ಲ್ಯಾಬಿನ ಕೆಲಸ ಈ ಕತೆಯ ಮುಂದುವರಿಕೆಯೇ.

ಹೊವರ್ಡ್ ಗ್ರೀನ್ ಎಂಬ ಜೀವವಿಜ್ಞಾನಿ 1970ರ ದಶಕದಲ್ಲಿ ಇಲಿಯ ಒಂದು ಬಗೆಯ ಗಡ್ಡೆಯ ಕೋಶಗಳನ್ನು ಬೆಳೆಸುತ್ತಿದ್ದರು. ಚರ್ಮದ ಯೋಚನೆಯೇ ಅವರಿಗಿರಲಿಲ್ಲ. ತಟ್ಟೆಯಲ್ಲಿ ನಡುನಡುವೆ ಬೇರೆ ಥರದ ಗುಂಪುಗಳು ಕಾಣಿಸಿದವು. ನೋಡಿದರೆ ಅವು ಚರ್ಮದ ಮೇಲ್ಪದರದಂಥ ಕೋಶಗಳು. ಅದುವರೆಗೆ ಅಂಥ ಕೋಶಗಳನ್ನು ತಟ್ಟೆಯಲ್ಲಿ ಹೆಚ್ಚು ಕಾಲ ಬೆಳೆಸುವುದು ಯಾರ ಕೈಗೂ ಹತ್ತಿರಲಿಲ್ಲ. ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಗಮನಿಸಿದ್ದು ಏನೆಂದರೆ, ಅಡಿಯಲ್ಲಿದ್ದ ಇಲಿಯ ಪೋಷಕ ಕೋಶಗಳ ಆಸರೆ ಇದ್ದರೆ ಇವು ಬೆಳೆಯುತ್ತವೆ. ವಿಕಿರಣ ಹಾಯಿಸಿ ಆ ಪೋಷಕ ಕೋಶಗಳು ಹೆಚ್ಚದಂತೆ ಮಾಡಿ, ಅವುಗಳ ಮೇಲೆ ಮನುಷ್ಯನ ಚರ್ಮದ ಕೋಶಗಳನ್ನು ಬೆಳೆಸಿದರು. 1975ರಲ್ಲಿ ಪೇಪರ್ ಬಂತು. 1983ರಲ್ಲಿ ಮೈಯ 95 ಶೇಕಡಕ್ಕೂ ಹೆಚ್ಚು ಸುಟ್ಟುಹೋಗಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರಿಗೆ ಅವರವರದೇ ಕೋಶಗಳಿಂದ ಬೆಳೆಸಿದ ಚರ್ಮದ ಹಾಳೆಗಳನ್ನು ಹೊದಿಸಿ ಬದುಕಿಸಿದರು.

ಇಲ್ಲಿಗೆ ಕತೆ ಮುಗಿದಿದ್ದರೆ ಅದು ಸುಖಾಂತ್ಯದ ಸುದ್ದಿಯಾಗಿರುತ್ತಿತ್ತು. ಆದರೆ ಕೆಲವು ಕಸಿಗಳು ಹಿಡಿಯುತ್ತಿದ್ದವು, ಕೆಲವು ಸ್ವಲ್ಪ ಕಾಲ ಇದ್ದು ಹೋಗುತ್ತಿದ್ದವು. ನೋಡಲು ಎರಡೂ ಹಾಳೆ ಒಂದೇ ಥರ. ಯಾಕೆ ಹೀಗೆ? 1987ರಲ್ಲಿ ಯಾನ್ ಬರ್‌ರಾಂಡನ್ ಮತ್ತು ಗ್ರೀನ್ ಒಂದೊಂದೇ ಕೋಶವನ್ನು ಬೇರೆ ಮಾಡಿ ಬೆಳೆಸಿ ನೋಡಿದರು. ಕೆಲವು ಕೋಶಗಳ ಸಂತತಿ ದೊಡ್ಡದಾಗಿ ಬೆಳೆಯುತ್ತಲೇ ಹೋಗುತ್ತದೆ. ಅವಕ್ಕೆ ಹೋಲೋಕ್ಲೋನ್ ಎಂದು ಹೆಸರಿಟ್ಟರು. ಕೆಲವು ಸ್ವಲ್ಪವೇ ಬೆಳೆದು ನಿಂತುಹೋಗುತ್ತವೆ. ಇವೆರಡರ ನಡುವೆ ಇನ್ನೊಂದು ಬಗೆ. ಹಾಳೆಯಲ್ಲಿ ಮೊದಲ ಬಗೆಯ ಕೋಶಗಳು ಇಲ್ಲದಿದ್ದರೆ ಅದು ದೇಹದಲ್ಲಿ ಬಾಳುವುದಿಲ್ಲ ಎಂಬ ಅನುಮಾನ ಅಲ್ಲಿ ಶುರುವಾಯಿತು.

ಗ್ರೀನ್ ಅವರ ಲ್ಯಾಬಿನಲ್ಲಿ ಪಳಗಿದ ಮಿಕೇಲೆ ಡೆ ಲೂಕ ಮತ್ತು ಅವರ ಸಹೋದ್ಯೋಗಿ ಗ್ರಾಟ್ಸಿಯೆಲ್ಲಾ ಪೆಲ್ಲೆಗ್ರೀನಿ ಇಟಲಿಯಲ್ಲಿ ಇದೇ ವಿಧಾನವನ್ನು ಕಣ್ಣಿಗೆ ತಂದರು. ಕಾರ್ನಿಯಾದ ಅಂಚಿನಲ್ಲಿರುವ ಸ್ಟೆಮ್ ಸೆಲ್‌ಗಳು ರಾಸಾಯನಿಕ ಬಿದ್ದು ಸುಟ್ಟುಹೋದರೆ ಕಣ್ಣು ಮಸುಕಾಗುತ್ತದೆ, ಬೇರೆಯವರ ಕಾರ್ನಿಯಾ ಹಾಕಿದರೂ ನಿಲ್ಲುವುದಿಲ್ಲ. ಇನ್ನೊಂದು ಕಣ್ಣಿನ ಅಂಚಿನಿಂದ ಅತಿ ಸಣ್ಣ ಚೂರು ತೆಗೆದು ಬೆಳೆಸಿ, ಕೆಟ್ಟ ಕಣ್ಣಿಗೆ ಹಾಕಿದ ಮೊದಲ ವರದಿ 1997ರಲ್ಲಿ ಬಂತು. 2010ರ ಹೊತ್ತಿಗೆ 112 ರೋಗಿಗಳ ಲೆಕ್ಕ ಸಿಕ್ಕಿತು. ಸುಮಾರು 77 ಶೇಕಡ ಕಣ್ಣುಗಳಲ್ಲಿ ಕಾರ್ನಿಯಾ ಸರಿಯಾಗಿತ್ತು.

ಆ ಪೇಪರಿನಲ್ಲಿ ನನಗೆ ಇವತ್ತಿಗೂ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆ ಒಂದು ಸಂಖ್ಯೆ. ಕಸಿಗೆ ಕಳಿಸುವ ಮೊದಲು ಅವರು ಪ್ರತಿ ಕಲ್ಚರ್‌ನಲ್ಲೂ (ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ) ಸ್ಟೆಮ್ ಸೆಲ್‌ಗಳ ಗುರುತಾದ ಪಿ63 ಎಂಬ ಪ್ರೋಟೀನು ಹೊಳೆಯುವಷ್ಟು ಜಾಸ್ತಿ ಇರುವ ಕೋಶಗಳನ್ನು ಎಣಿಸಿದ್ದರು. ಗುಂಪು ಕಟ್ಟಬಲ್ಲ ಕೋಶಗಳಲ್ಲಿ ಇಂಥವು 3 ಶೇಕಡಕ್ಕಿಂತ ಹೆಚ್ಚಿದ್ದಾಗ 78 ಶೇಕಡ ರೋಗಿಗಳಲ್ಲಿ ಕಸಿ ಯಶಸ್ವಿಯಾಯಿತು. 3 ಶೇಕಡ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ? ಬರೀ 11 ಶೇಕಡ. ಅದೇ ಶಸ್ತ್ರಚಿಕಿತ್ಸೆ, ಕಣ್ಣಿಗೆ ಒಂದೇ ಥರ ಕಾಣುವ ಹಾಳೆ. ಒಂದು ಎಣಿಕೆ ಕಸಿ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಅಷ್ಟರಮಟ್ಟಿಗೆ ಮೊದಲೇ ಹೇಳಿತು. 2015ರಲ್ಲಿ ಯುರೋಪಿನಲ್ಲಿ ಮಾರಾಟದ ಅನುಮತಿ ಪಡೆದ ಮೊದಲ ಸ್ಟೆಮ್ ಸೆಲ್ ಚಿಕಿತ್ಸೆ ಹೋಲೋಕ್ಲಾರ್. ಅದು ಈ ಕೆಲಸದ ಫಲ. "ಬರೀ ಟೆಸ್ಟಿಂಗ್" ಎಂದವರಿಗೆ ಈ 78 ಮತ್ತು 11ನ್ನು ತೋರಿಸಿ.

2017ರಲ್ಲಿ ಅದೇ ತಂಡದ ಇನ್ನೊಂದು ವರದಿ ಬಂತು. ಹುಟ್ಟಿನಿಂದ ಬಂದ ಕಾಯಿಲೆಯಿಂದ ಜರ್ಮನಿಯಲ್ಲಿದ್ದ ಏಳು ವರ್ಷದ ಹುಡುಗನ ಚರ್ಮವೆಲ್ಲ ಕಳಚಿಹೋಗುತ್ತಿತ್ತು. ಅವನದೇ ಕೋಶಗಳಲ್ಲಿ ಜೀನ್ ಸರಿಪಡಿಸಿ, ಹಾಳೆಗಳಾಗಿ ಬೆಳೆಸಿ, ಮೈಯ ಸುಮಾರು 80 ಶೇಕಡ ಚರ್ಮದ ಮೇಲ್ಪದರ ಬದಲಿಸಿದರು. ಹುಡುಗ ಶಾಲೆಗೆ ವಾಪಸಾದ. ಆ ಹೊಸ ಚರ್ಮವನ್ನು ಕಾಲಕಾಲಕ್ಕೆ ನವೀಕರಿಸುತ್ತಿದ್ದುದು ಕೆಲವೇ ಹೋಲೋಕ್ಲೋನ್ ಕೋಶಗಳ ಸಂತತಿ ಎಂದು ಜೀನ್‌ಗಳ ಗುರುತಿನಿಂದ ಪತ್ತೆ ಹಚ್ಚಿದರು. 1987ರ ಅನುಮಾನಕ್ಕೆ 30 ವರ್ಷದ ಮೇಲೆ ಒಬ್ಬ ಹುಡುಗನ ಮೈಯಲ್ಲೇ ಉತ್ತರ ಸಿಕ್ಕಿತು.

ಇಲ್ಲಿ ಯಾವೊಬ್ಬರ ಇಪ್ಪತ್ತು ವರ್ಷವೂ ದಂಡವಾಗಲಿಲ್ಲ, ಒಬ್ಬರೇ ಮುಗಿಸಲೂ ಇಲ್ಲ. ನಿಮ್ಮ ಅಪ್ಪನಿಗೆ ಇದನ್ನೇ ಹೇಳಿ. ಹಾಗಂತ ಭರವಸೆ ಕೊಡಬೇಡಿ. ಇದೇ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದು ಏನೂ ತಲುಪದೇ ಹೋದವರೂ ಇದ್ದಾರೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರಕೋಶವನ್ನೇ ತೆಗೆದುಕೊಳ್ಳಿ. 2006ರಲ್ಲಿ ಏಳು ರೋಗಿಗಳ ವರದಿ ಬಂದಾಗ ದೊಡ್ಡ ಆಸೆ ಹುಟ್ಟಿತು. 2014ರಲ್ಲಿ ಅಂಥದೇ ವಿಧಾನವನ್ನು ಹತ್ತು ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ ಬಂತು. ಮೂತ್ರಕೋಶದ ಸಾಮರ್ಥ್ಯ ಸುಧಾರಿಸಲಿಲ್ಲ, ತೊಂದರೆಗಳು ಮಾತ್ರ ಕಾಣಿಸಿದವು. ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಸೇವೆ ಎಂದು ನಾನು ನಂಬುತ್ತೇನೆ.

ಕೊನೆಗೆ ತಲುಪುವುದು ಮೊದಲು ಅಂದುಕೊಂಡದ್ದೇ ಆಗಿರಬೇಕೆಂದೂ ಇಲ್ಲ. ಲಾರಾ ನಿಕ್ಲಾಸನ್ ಅರಿವಳಿಕೆ ತಜ್ಞೆ. ಕರಗುವ ಹಂದರದ ಮೇಲೆ ಸ್ನಾಯುಕೋಶಗಳನ್ನು ಹಾಕಿ, ನಾಡಿಯ ಹಾಗೆ ಮಿಡಿಯುವ ಪಂಪಿಗೆ ಜೋಡಿಸಿ, ವಾರಗಟ್ಟಲೆ ಬೆಳೆಸಿದ ರಕ್ತನಾಳದ ಪೇಪರನ್ನು ಅವರ ತಂಡ 1999ರಲ್ಲಿ ಪ್ರಕಟಿಸಿತು. ರೋಗಿಯ ಸ್ವಂತ ಕೋಶಗಳಿಂದ ನಾಳ ಬೆಳೆಸುವುದು ಆಗಿನ ಕನಸು. ಆದರೆ ತುರ್ತಾಗಿ ನಾಳ ಬೇಕಾದವನು ಎಷ್ಟು ವಾರ ಕಾಯಬಲ್ಲ? ದಾನಿಯ ಕೋಶಗಳಿಂದ ನಾಳ ಬೆಳೆಸಿ, ಆಮೇಲೆ ಕೋಶಗಳನ್ನೆಲ್ಲ ತೊಳೆದು ತೆಗೆದು, ಅವು ನೇಯ್ದ ಪ್ರೋಟೀನಿನ ಕೊಳವೆಯನ್ನು ಮಾತ್ರ ಇಟ್ಟುಕೊಳ್ಳುವ ದಾರಿಗೆ ಕೆಲಸ ತಿರುಗಿತು. ಹಾಗಾದರೆ ಯಾರಿಗೆ ಬೇಕಾದರೂ ಹಾಕಬಹುದು, ಮೊದಲೇ ತಯಾರಿಸಿ ಇಡಬಹುದು. ಗಾಯದಿಂದ ಕೈಕಾಲಿನ ನಾಳ ಹರಿದವರಿಗೆ ಇದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 25 ವರ್ಷ ಹಿಡಿಯಿತು. ದೇಹಕ್ಕೆ ಹೋಗುವ ವಸ್ತುವಿನಲ್ಲಿ ಜೀವಂತ ಕೋಶ ಒಂದೂ ಇಲ್ಲ.

ಡಯಾಬಿಟಿಸ್ ಕಡೆ ಜೀವವಿಜ್ಞಾನಿ ಡಗ್ ಮೆಲ್ಟನ್ ಅವರದೂ ಇಂಥದೇ ದೂರದ ನಡೆ. ಮಗನಿಗೆ ಟೈಪ್ 1 ಡಯಾಬಿಟಿಸ್ ಬಂದ ಮೇಲೆ ಅವರು ಸಂಶೋಧನೆಯ ದಾರಿಯನ್ನೇ ಬದಲಿಸಿದವರು. ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಕೋಶ ಮಾಡುವ ಅವರ ಲ್ಯಾಬಿನ ವಿಧಾನ 2014ರಲ್ಲಿ ಬಂತು. ಆ ಕೆಲಸದಿಂದ ಬೆಳೆದ ಚಿಕಿತ್ಸೆ ಪೂರ್ತಿ ಪ್ರಮಾಣದಲ್ಲಿ ಸಿಕ್ಕ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಿರಲಿಲ್ಲ ಎಂದು 2025ರಲ್ಲಿ ವರದಿಯಾಯಿತು. ಆದರೆ ದೇಹ ಆ ಕೋಶಗಳನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಲೇ ಇರಬೇಕು. ಆ ಔಷಧಿ ಬೇಡವಾಗಿಸುವುದು ಹೇಗೆ ಎಂಬುದು ನಿಮ್ಮ ತಲೆಮಾರಿನವರ ಮುಂದಿರುವ ಕೆಲಸ.

ನಿಮ್ಮನ್ನು ಹೆದರಿಸಿದ ಹಗರಣದ ಬಗ್ಗೆ ಹೇಳಬೇಕು. ಪಾವೊಲೊ ಮಾಕ್ಕಿಯಾರೀನಿ ಎಂಬ ಸರ್ಜನ್ 2011ರಿಂದ ಸ್ವೀಡನ್ನಿನಲ್ಲಿ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಸ್ಟೆಮ್ ಸೆಲ್ ಲೇಪಿಸಿ ಕಸಿ ಮಾಡಿದರು. ಅಲ್ಲಿ ಕಸಿಯಾದ ಮೂವರೂ ತೀರಿಕೊಂಡರು. ಜೊತೆಯಲ್ಲಿದ್ದ ನಾಲ್ವರು ವೈದ್ಯರು ದೂರು ಕೊಟ್ಟರೂ ಸಂಸ್ಥೆ ಮೊದಲು ಅವರ ಮಾತು ಒಪ್ಪಲಿಲ್ಲ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷ ಜೈಲು ಶಿಕ್ಷೆ ಕೊಟ್ಟಿತು. ನೀತಿಯ ಪ್ರಶ್ನೆ ಇದ್ದೇ ಇದೆ. ನೀವು ವಿಜ್ಞಾನಿಯಾಗಿ ಕೇಳಬೇಕಾದ ಪ್ರಶ್ನೆ ಇನ್ನೂ ಸರಳವಾದದ್ದು: ಆ ಪ್ಲಾಸ್ಟಿಕ್ ಕೊಳವೆಗೆ ರಕ್ತ ಎಲ್ಲಿಂದ ಬರಬೇಕಿತ್ತು? ಮೇಲೆ ಲೇಪಿಸಿದ ಕೋಶಗಳು ಏನು ತಿಂದು ಬದುಕಬೇಕಿತ್ತು? ನಾನು ಮೊದಲು ಹೇಳಿದ 200 ಮೈಕ್ರೋಮೀಟರಿನ ಲೆಕ್ಕವೇ ಇಲ್ಲೂ ಎದುರಾಗುತ್ತದೆ. ಪ್ರಾಣಿಗಳಲ್ಲಿ ಸರಿಯಾಗಿ ಪರೀಕ್ಷಿಸಿದ್ದರೆ ಅದು ಮನುಷ್ಯರವರೆಗೆ ಹೋಗುತ್ತಲೇ ಇರಲಿಲ್ಲ. ಹಾಗಾಗಿ ಹೆದರಿ ಕ್ಷೇತ್ರ ಬಿಡಬೇಡಿ. ದೊಡ್ಡ ಹೆಸರಿನವರ ಮುಂದೆಯೂ "ಪ್ರಾಣಿಗಳ ಮೇಲಿನ ಡೇಟಾ ತೋರಿಸಿ" ಎನ್ನುವ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಮಾಡಿಕೊಳ್ಳಿ.

ಎಂಜಿನಿಯರಿಂಗ್ ಬರುವುದಿಲ್ಲ ಎಂಬ ಅಳುಕು ಬೇಡ, ಆದರೆ ಅದನ್ನು ಕಲಿಯದೆ ನಡೆಯುವುದೂ ಇಲ್ಲ. 2006ರಲ್ಲಿ ಡೆನ್ನಿಸ್ ಡಿಶರ್ ಅವರ ತಂಡ ಒಂದು ವಿಷಯ ತೋರಿಸಿತು. ಮೂಳೆಮಜ್ಜೆಯ ಒಂದೇ ಥರದ ಕೋಶಗಳನ್ನು ಬೇರೆ ಬೇರೆ ಗಡಸಿನ ಜೆಲ್ ಮೇಲೆ ಬೆಳೆಸಿದರೆ, ಮಿದುಳಿನಷ್ಟು ಮೆತ್ತಗಿರುವ ಜೆಲ್ ಮೇಲೆ ನರಕೋಶದ ಕಡೆಗೆ, ಸ್ನಾಯುವಿನಷ್ಟು ಗಟ್ಟಿಯಾದದ್ದರ ಮೇಲೆ ಸ್ನಾಯುವಿನ ಕಡೆಗೆ, ಅದಕ್ಕೂ ಗಟ್ಟಿಯಾದದ್ದರ ಮೇಲೆ ಮೂಳೆಯ ಕಡೆಗೆ ಅವು ವಾಲುತ್ತವೆ. ಗಡಸುತನದ ಅಳತೆಯಲ್ಲಿ ಸ್ನಾಯುವಿನದು 10 ಕಿಲೋಪಾಸ್ಕಲ್ ಆಸುಪಾಸು. ನಾವು ದಿನಾ ಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆ ಅದಕ್ಕಿಂತ ಲಕ್ಷ ಪಟ್ಟಿಗೂ ಜಾಸ್ತಿ ಗಟ್ಟಿ. ಇದು ಗೊತ್ತಾದ ಮೇಲೆ ಜೀವವಿಜ್ಞಾನದವರು ಗಡಸುತನ ಅಳೆಯುವುದನ್ನು ಕಲಿತರು, ಎಂಜಿನಿಯರುಗಳು ಕೋಶ ಬೆಳೆಸುವುದನ್ನು ಕಲಿತರು. ನಿಮಗೆ ಮೊದಲು ಬೇಕಾದದ್ದು ಎರಡು: ಆಮ್ಲಜನಕ ಹರಡುವುದನ್ನು ಲೆಕ್ಕ ಹಾಕುವಷ್ಟು ಗಣಿತ, ಮತ್ತು ಅಂಕಿಅಂಶ ಶಾಸ್ತ್ರ.

ಎರಡನೆಯದರ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಒಬ್ಬ ದಾನಿಯ ಕೋಶಗಳನ್ನು ಪ್ಲೇಟಿನ ಮೂರು ಗುಂಡಿಗಳಿಗೆ ಹಾಕಿ ಮೂರು ಅಳತೆ ತೆಗೆದರೆ ನಿಮ್ಮ ಹತ್ತಿರ ಮೂರು ಮಾದರಿ ಇದ್ದ ಹಾಗಲ್ಲ, ಒಂದೇ. ನೀವು ತಿಳಿದುಕೊಂಡದ್ದು ನಿಮ್ಮ ಪಿಪೆಟ್ ಎಷ್ಟು ಸರಿಯಾಗಿ ಸುರಿಯಿತು ಎಂಬುದನ್ನು. ಬೇರೆ ದಾನಿಯ ಕೋಶ ಹಾಕಿದಾಗ ಫಲಿತಾಂಶ ತಿರುಗಿಬೀಳಬಹುದು. ಥೀಸಿಸ್‌ಗಳನ್ನು ಪರಿಶೀಲಿಸುವಾಗ ನಾನು ಅತಿ ಹೆಚ್ಚು ನೋಡುವ ತಪ್ಪು ಇದು.

ದಿನದ ಕೆಲಸ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ನಿಮ್ಮ ಐದಾರು ವರ್ಷ ಅದರಲ್ಲೇ ಕಳೆಯುತ್ತದೆ. ಕೋಶಗಳಿಗೆ ಭಾನುವಾರ ಗೊತ್ತಾಗುವುದಿಲ್ಲ. ಮೀಡಿಯಂ (ಕೋಶಗಳು ಬೆಳೆಯುವ ಪೋಷಕ ದ್ರವ) ಬದಲಿಸಬೇಕಾದ ದಿನ ಬದಲಿಸಲೇಬೇಕು. ಇನ್‌ಕ್ಯುಬೇಟರ್ ಬಾಗಿಲು ತೆಗೆದ ತಕ್ಷಣ ಮೊದಲು ನೋಡುವುದು ಬಣ್ಣ. ಆರೋಗ್ಯವಾಗಿರುವ ಮೀಡಿಯಂ ಕೆಂಪು ಗುಲಾಬಿ. ಕೋಶಗಳು ಹೆಚ್ಚಾಗಿ ಆಮ್ಲ ಬಿಟ್ಟಾಗ ಕಿತ್ತಳೆ, ಆಮೇಲೆ ಹಳದಿ. ರಾತ್ರೋರಾತ್ರಿ ಹಳದಿಯಾಗಿ ಕದಡಿಹೋಗಿದ್ದರೆ ಬ್ಯಾಕ್ಟೀರಿಯಾ ಸೇರಿದೆ ಎಂದು ತಿಳಿದು ಎಸೆಯಬಹುದು. ಅದು ಸುಲಭದ ಶತ್ರು. ಕಷ್ಟದ್ದು ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ. ಅದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ಅದನ್ನು ಮುಟ್ಟುವುದಿಲ್ಲ. ಮಾಮೂಲಿ ಫಿಲ್ಟರಿನಲ್ಲೂ ನುಸುಳಬಲ್ಲಷ್ಟು ಸಣ್ಣದು. ಮೀಡಿಯಂ ಕದಡುವುದಿಲ್ಲ, ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ಇಲ್ಲ. ಕೋಶಗಳು ಬದುಕಿರುತ್ತವೆ, ಆದರೆ ಅವುಗಳ ವರ್ತನೆ ಸದ್ದಿಲ್ಲದೆ ಬದಲಾಗಿರುತ್ತದೆ. ನೀವು ಬರೆಯುವ ಪೇಪರ್ ಮೈಕೋಪ್ಲಾಸ್ಮಾ ಬಗ್ಗೆ ಆಗಿರುತ್ತದೆ, ನಿಮಗೇ ಗೊತ್ತಿಲ್ಲದೆ. ನಿಯಮಿತವಾಗಿ ಅದರ ಪರೀಕ್ಷೆ ಮಾಡದ ಲ್ಯಾಬಿಗೆ, ಹೆಸರು ಎಷ್ಟೇ ದೊಡ್ಡದಿರಲಿ, ಹೋಗಬೇಡಿ.

ಈಗ ನಿಮ್ಮ ಆಯ್ಕೆ. ಹೃದಯ ಪ್ರಿಂಟ್ ಮಾಡುವ ಲ್ಯಾಬಿನಲ್ಲಿ ನಿಮಗೆ ಯಂತ್ರ, ವಸ್ತು, ಕೋಶ ಮೂರೂ ಕೈಗೆ ಸಿಗುತ್ತವೆ. ಹೆಸರಿನಿಂದ ಮುಂದಿನ ಪೋಸ್ಟ್‌ಡಾಕ್ ಬೇಗ ಸಿಗಬಹುದು. ಅಪಾಯ ಏನೆಂದರೆ, ಕಸಿ ಮಾಡುವ ಹೃದಯವೇ ಗುರಿಯಾಗಿದ್ದರೆ ನಿಮ್ಮ ಪಿಎಚ್‌ಡಿ ಅವಧಿಯಲ್ಲಿ ರಕ್ತನಾಳದ ಸಮಸ್ಯೆ ಬಗೆಹರಿಯುವುದು ಅನುಮಾನ. ಕೊನೆಗೆ ಚೆಂದದ ಚಿತ್ರಗಳಿರುವ ಥೀಸಿಸ್ ಉಳಿದೀತು. ಆದರೆ ಅವರ ಗುರಿ ಔಷಧಿ ಪರೀಕ್ಷಿಸಲು ಹೃದಯದ ಸಣ್ಣ ಅಂಗಾಂಶ ಮಾಡುವುದಾಗಿದ್ದರೆ ನನ್ನ ಮಾತು ಬೇರೆ. ತೆಳ್ಳಗಿನ ತುಂಡು ಅದಕ್ಕೆ ಸಾಕು. 2009ರಿಂದ ಬೆಳೆದ ಕರುಳಿನ ಆರ್ಗನಾಯ್ಡ್‌ಗಳು (ತಟ್ಟೆಯಲ್ಲಿ ಬೆಳೆಸಿದ ಅಂಗದ ಪುಟ್ಟ ಮಾದರಿಗಳು), 2010ರ ಶ್ವಾಸಕೋಶದ ಚಿಪ್ (ಶ್ವಾಸಕೋಶದ ಕೋಶಗಳನ್ನು ಬೆಳೆಸಿದ ಪುಟ್ಟ ಸಾಧನ), ಇವೆಲ್ಲ ಆ ದಾರಿಯವೇ. ಹೊಸ ಔಷಧಿಗೆ ಪ್ರಾಣಿಗಳ ಮೇಲಿನ ಪರೀಕ್ಷೆಯೇ ಆಗಬೇಕೆಂಬ ಕಡ್ಡಾಯವನ್ನು ಅಮೆರಿಕ 2022ರ ಕೊನೆಯಲ್ಲಿ ಕಾನೂನಿನಿಂದ ತೆಗೆದಿದೆ. ಆ ಕಡೆ ಕೆಲಸ ಇನ್ನೂ ಹೆಚ್ಚಾಗುತ್ತದೆ ಎಂಬುದು ನನ್ನ ಅಂದಾಜು. ಅವರನ್ನು ನೇರವಾಗಿ ಕೇಳಿ: ಇದು ದೇಹದೊಳಗೆ ಹೋಗುವುದಕ್ಕೋ, ತಟ್ಟೆಯಲ್ಲೇ ಇರುವುದಕ್ಕೋ?

ಎರಡನೇ ಲ್ಯಾಬಿನ ಅಪಾಯ ಬೇರೆ ಥರದ್ದು. ಕೆಲಸ ನಿಧಾನ, ಪೇಪರ್ ಕಡಿಮೆ, ಹೊರಗಿನವರಿಗೆ ವಿವರಿಸುವುದು ಕಷ್ಟ. ಒಂದೇ ಅಂಗಾಂಶಕ್ಕೆ ಅಂಟಿಕೊಂಡುಬಿಡುವ ಭಯವೂ ಇದೆ. ಆದರೆ ಕೋಶಗಳ ಗುಣಮಟ್ಟ ಅಳೆಯುವುದು ಬಲ್ಲವರಿಗೆ ಕಂಪನಿಯಲ್ಲಾಗಲಿ, ಆಸ್ಪತ್ರೆಯ ಕೋಶ ತಯಾರಿಕಾ ಘಟಕದಲ್ಲಾಗಲಿ, ಔಷಧ ನಿಯಂತ್ರಣ ಸಂಸ್ಥೆಗಳಲ್ಲಾಗಲಿ ಜಾಗ ಇರುತ್ತದೆ. ಕೋಶ ಚಿಕಿತ್ಸೆಗಳು ಅನುಮತಿಯ ಹಂತದಲ್ಲಿ ಎಡವುವುದು ಬಹಳ ಸಲ ಇಲ್ಲೇ. "ಈ ಬ್ಯಾಚ್ ಕೆಲಸ ಮಾಡುತ್ತದೆ ಎಂದು ಹೇಗೆ ಹೇಳುತ್ತೀರಿ" ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಕಂಪನಿ ಸೇರುವ ದಾರಿಯನ್ನು ನೀವು ಕೇಳಿಲ್ಲ, ಆದರೂ ಗೊತ್ತಿರಲಿ. ಪಿಎಚ್‌ಡಿಗೆ ಮೊದಲು ಒಂದೆರಡು ವರ್ಷ ಅಲ್ಲಿ ಕೆಲಸ ಮಾಡಿದರೆ ಶಿಸ್ತು, ದಾಖಲೆ ಬರೆಯುವ ರೀತಿ ಬರುತ್ತದೆ. ಅಸ್ಥಿರತೆಯೂ ಜೊತೆಗೇ ಬರುತ್ತದೆ. ಬೆಳೆಸಿದ ಚರ್ಮದ ಉತ್ಪನ್ನಗಳಿಗೆ ಹೆಸರಾಗಿದ್ದ ಎರಡು ಅಮೆರಿಕನ್ ಕಂಪನಿಗಳು, ಅಡ್ವಾನ್ಸ್ಡ್ ಟಿಶ್ಯೂ ಸೈನ್ಸಸ್ ಮತ್ತು ಆರ್ಗನೋಜೆನೆಸಿಸ್, 2002ರಲ್ಲಿ ದಿವಾಳಿ ಅರ್ಜಿ ಹಾಕಿದವು. ಎರಡನೆಯದು ಆಮೇಲೆ ಚೇತರಿಸಿಕೊಂಡಿತು. ವಿಜ್ಞಾನ ಕೈಕೊಟ್ಟದ್ದಕ್ಕಿಂತ ತಯಾರಿಕೆಯ ಖರ್ಚೇ ದೊಡ್ಡ ಹೊರೆಯಾಗಿತ್ತು. ಜೀವಂತ ವಸ್ತುವನ್ನು ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡಲಾಗುವುದಿಲ್ಲ ಅಲ್ವಾ.

ಎರಡೂ ಕಡೆ ಸೇರುವ ಮೊದಲು ಆ ಲ್ಯಾಬ್ ಬಿಟ್ಟುಹೋದ ವಿದ್ಯಾರ್ಥಿಗಳ ಜೊತೆ, ಗೈಡ್ ಇಲ್ಲದ ಕಡೆ, ಮಾತಾಡಿ. ಅಂದುಕೊಂಡಂತೆ ಬಾರದ ಫಲಿತಾಂಶ ತೋರಿಸಿದಾಗ ಗೈಡ್ ಏನಂದರು ಎಂದು ಕೇಳಿ. "ಇನ್ನೊಂದು ದಾನಿಯಲ್ಲಿ ನೋಡು" ಎಂದಿದ್ದರೆ ಒಳ್ಳೆಯದು. "ಇನ್ನೊಮ್ಮೆ ಮಾಡು, ಬರುತ್ತೆ" ಎಂದಿದ್ದರೆ ಎಚ್ಚರ.

ಮೊದಲೇ ಹೇಳಿದ ಷರತ್ತು ಇದು. ಡೆ ಲೂಕ, ಪೆಲ್ಲೆಗ್ರೀನಿ ಅವರ ತಂಡಕ್ಕೆ 3 ಶೇಕಡದ ಗಡಿ ಕಾಣಿಸಿದ್ದು ತಟ್ಟೆಯನ್ನು ನೋಡಿ ಮಾತ್ರ ಅಲ್ಲ. ಯಾವ ಹಾಳೆ ಯಾವ ರೋಗಿಗೆ ಹೋಯಿತು, ವರ್ಷಗಳ ನಂತರ ಆ ಕಣ್ಣು ಹೇಗಿದೆ ಎಂಬ ಲೆಕ್ಕ ಆಸ್ಪತ್ರೆಯಿಂದ ಅವರ ಕೈಗೆ ವಾಪಸ್ ಬರುತ್ತಿತ್ತು. ಆ ಲೆಕ್ಕ ಇಲ್ಲದೆ ನೀವು ಎಷ್ಟು ಪ್ರೋಟೀನು ಅಳೆದರೂ ಯಾವುದು ಮುಖ್ಯ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಎರಡನೇ ಲ್ಯಾಬಿನವರನ್ನು ಕೇಳಿ: ನಿಮ್ಮ ಕೋಶಗಳು ಯಾವ ಕಣ್ಣಿನ ಆಸ್ಪತ್ರೆಗೆ ಹೋಗುತ್ತವೆ, ಕಸಿಯಾದ ರೋಗಿಗಳ ಫಲಿತಾಂಶ ನಿಮಗೆ ಎಷ್ಟು ವರ್ಷದವರೆಗೆ ಸಿಗುತ್ತದೆ, ವಿಫಲವಾದ ಕಸಿಗಳ ಮಾದರಿಗಳನ್ನು ಉಳಿಸಿಟ್ಟಿದ್ದೀರಾ? ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಇದೆಯೇ ಎಂದೂ ಕೇಳಿ, ನೋಡಿ. ಮೂರಕ್ಕೂ ಸರಿಯಾದ ಉತ್ತರ ಬಂದರೆ ಸೇರಿಕೊಳ್ಳಿ. ಬರದಿದ್ದರೆ ಆ ಸಂಬಂಧ ಇರುವ ಬೇರೆ ಲ್ಯಾಬ್ ಹುಡುಕಿ. ಅದಕ್ಕೆ ಒಂದು ವರ್ಷ ತಡವಾದರೂ ಪರವಾಗಿಲ್ಲ.